ಮೆಜೆಸ್ಟಿಕ್‌ನಲ್ಲಿ ದಾರಿ ತಪ್ಪದಿರಲು: ತುಮಕೂರಿನ ಒಬ್ಬ ಪಾಸ್ ಹೋಲ್ಡರ್ ಹೇಳುವ ದಾರಿ

ಬೆಳಿಗ್ಗೆ ಏಳಕ್ಕೆ ಭಾಮೈದನ ಫೋನು.

"ಭಾವ, ಮೆಜೆಸ್ಟಿಕ್‌ಗೆ ಬಂದಿದ್ದೀನಿ. ಎಲ್ಲಿಗೆ ಬರ್ಲಿ?"

"ಮೆಜೆಸ್ಟಿಕ್‌ನಲ್ಲಿ ಎಲ್ಲಿದ್ದೀಯಪ್ಪ?"

"ಮೆಜೆಸ್ಟಿಕ್‌ನಲ್ಲೇ ಇದ್ದೀನಿ."

"ಎದುರಿಗೆ ಏನು ಕಾಣ್ತಿದೆ?"

"ಬಸ್ಸು."

ಅಲ್ಲಿ ಬಸ್ಸು ಕಾಣದ ಜಾಗ ಯಾವುದಿದೆ ಹೇಳಿ! ಅವನು ಕೆಎಸ್‌ಆರ್‌ಟಿಸಿ ನಿಲ್ದಾಣದಲ್ಲಿ ನಿಂತಿದ್ದ. ನಾನು ಬಿಎಂಟಿಸಿ ನಿಲ್ದಾಣದಲ್ಲಿ ಹುಡುಕುತ್ತಿದ್ದೆ. ಇಬ್ಬರೂ ಮೆಜೆಸ್ಟಿಕ್‌ನಲ್ಲೇ ಇದ್ದೆವು. ಒಬ್ಬರ ಮುಖ ಒಬ್ಬರು ನೋಡುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಯಿತು. ಅವತ್ತೇ ಅಂದುಕೊಂಡೆ, ಇದನ್ನು ಒಂದು ಸಲ ಸರಿಯಾಗಿ ಬರೆದಿಟ್ಟುಬಿಡಬೇಕು ಅಂತ.

ನಾನು ತುಮಕೂರಿನವನು. ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಒಂದು ಸೀರೆ ಹೋಲ್‌ಸೇಲ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಇಪ್ಪತ್ತೆರಡು ವರ್ಷದಿಂದ ರೈಲ್ವೆ ಪಾಸ್ ಇಟ್ಟುಕೊಂಡು ದಿನಾ ಹೋಗಿ ಬರುವವನು. ನಮ್ಮ ಕಡೆಯವರು ಆಸ್ಪತ್ರೆಗೋ ಕೋರ್ಟಿಗೋ ಇಂಟರ್‌ವ್ಯೂಗೋ ಬೆಂಗಳೂರಿಗೆ ಹೊರಟರೆ ಮೊದಲು ನನಗೇ ಫೋನ್ ಮಾಡುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಹೆಸರುಗಳ ವಿಷಯ

ಮೆಜೆಸ್ಟಿಕ್ ಅನ್ನುವುದು ಒಂದು ನಿಲ್ದಾಣ ಅಲ್ಲ. ಆ ಹೆಸರೇ ಒಂದು ಹಳೇ ಟಾಕೀಸಿನದು. ಟಾಕೀಸು ಹೋಯಿತು, ಹೆಸರು ಉಳಿಯಿತು. ಈಗ ಆ ಹೆಸರಿನ ಕೆಳಗೆ ರೈಲು ನಿಲ್ದಾಣ ಇದೆ, ಊರೊಳಗಿನ ಬಿಎಂಟಿಸಿ ಬಸ್ ಸ್ಟ್ಯಾಂಡ್ ಇದೆ, ಪರವೂರಿನ ಕೆಎಸ್‌ಆರ್‌ಟಿಸಿ ಸ್ಟ್ಯಾಂಡ್ ಇದೆ, ನೆಲದಡಿ ಮೆಟ್ರೋ ಇದೆ. ಎಲ್ಲವೂ ಅಕ್ಕಪಕ್ಕ. ಆದರೆ ಒಂದರಿಂದ ಇನ್ನೊಂದಕ್ಕೆ ಹೋಗಲು ಎಲ್ಲಿ ಹತ್ತಬೇಕು, ಎಲ್ಲಿ ಇಳಿಯಬೇಕು ಗೊತ್ತಿಲ್ಲದಿದ್ದರೆ ಸುಮ್ನೆ ಸುತ್ತುತ್ತಲೇ ಇರಬೇಕು.

ದಾರಿ ತಪ್ಪುವವರಲ್ಲಿ ಜಾಸ್ತಿ ಜನ ತಪ್ಪುವುದು ರಸ್ತೆಯಿಂದಲ್ಲ, ಹೆಸರಿನಿಂದ. ಕೆಂಪೇಗೌಡರ ಹೆಸರು ಬಸ್ ನಿಲ್ದಾಣಕ್ಕೂ ಇದೆ, ಮೆಜೆಸ್ಟಿಕ್ ಮೆಟ್ರೋಗೂ ಇದೆ, ದೇವನಹಳ್ಳಿ ಕಡೆಯ ವಿಮಾನ ನಿಲ್ದಾಣಕ್ಕೂ ಇದೆ. ಸಂಗೊಳ್ಳಿ ರಾಯಣ್ಣನ ಹೆಸರು ಹಳೇ ಸಿಟಿ ರೈಲ್ವೆ ಸ್ಟೇಷನ್ನಿಗಿದೆ. ಅದರ ಹಿಂಬದಿಯ ಮೆಟ್ರೋ ನಿಲ್ದಾಣಕ್ಕೂ ಅದೇ ಹೆಸರು. ವಿಶ್ವೇಶ್ವರಯ್ಯನವರ ಹೆಸರಿನದು ಇನ್ನೂ ದೊಡ್ಡ ಗೊಂದಲ. ಮೆಜೆಸ್ಟಿಕ್ ಮುಂದಿನ ಸೆಂಟ್ರಲ್ ಕಾಲೇಜು ಮೆಟ್ರೋ ನಿಲ್ದಾಣಕ್ಕೆ ಅವರದೇ ಹೆಸರು. ಬೈಯಪ್ಪನಹಳ್ಳಿ ಕಡೆ 2022ರಲ್ಲಿ ಶುರುವಾದ ಹೊಸ ರೈಲ್ವೆ ಟರ್ಮಿನಲ್‌ಗೂ ಅವರದೇ ಹೆಸರು. ಎರಡೂ ಊರಿನ ಬೇರೆ ಬೇರೆ ಮೂಲೆ. ನಮ್ಮ ಅಂಗಡಿಯ ಹುಡುಗನೊಬ್ಬ ರೈಲು ಹಿಡಿಯಲು ಹೊರಟು "ವಿಶ್ವೇಶ್ವರಯ್ಯ" ಅಂತ ಬೋರ್ಡ್ ನೋಡಿ ಮೆಟ್ರೋದಿಂದ ಸೆಂಟ್ರಲ್ ಕಾಲೇಜಿನಲ್ಲಿ ಇಳಿದುಬಿಟ್ಟಿದ್ದ. ಮೇಲೆ ಬಂದು ನೋಡಿದರೆ ರೈಲೂ ಇಲ್ಲ, ಹಳಿಯೂ ಇಲ್ಲ.

ಅದಕ್ಕೇ ದಾರಿ ಕೇಳುವಾಗ ಹಳೇ ಹೆಸರೇ ಹೇಳಿ. "ಸಿಟಿ ಸ್ಟೇಷನ್", "ಮೆಜೆಸ್ಟಿಕ್ ಮೆಟ್ರೋ", "ಬಿಎಂಟಿಸಿ ಸ್ಟ್ಯಾಂಡ್", "ಕೆಎಸ್‌ಆರ್‌ಟಿಸಿ ಸ್ಟ್ಯಾಂಡ್" ಅಂದರೆ ಆಟೋದವರಿಗೂ ಹೂವಿನವರಿಗೂ ತಕ್ಷಣ ತಿಳಿಯುತ್ತದೆ.

ರೈಲಿನ ಟಿಕೆಟ್ಟಿನಲ್ಲಿ ಮಾತ್ರ ಹೆಸರು ಬಿಡಿ, ಕೋಡ್ ನೋಡಿ. ಎಸ್‌ಬಿಸಿ ಅಂದರೆ ಮೆಜೆಸ್ಟಿಕ್ ಎದುರಿನ ಸಿಟಿ ಸ್ಟೇಷನ್. ವೈಪಿಆರ್ ಯಶವಂತಪುರ. ಎಸ್‌ಎಂವಿಬಿ ಬೈಯಪ್ಪನಹಳ್ಳಿ ಕಡೆಯ ಹೊಸ ಟರ್ಮಿನಲ್. ಬಿಎನ್‌ಸಿ ಕಂಟೋನ್ಮೆಂಟ್. ಮನೆ ಬಿಡುವ ಮುಂಚೆ ಈ ಒಂದು ಕೆಲಸ ಮಾಡಿ ಸಾಕು. ಎಸ್‌ಎಂವಿಬಿ ಅಂತಿದ್ದು ನೀವು ಮೆಜೆಸ್ಟಿಕ್‌ಗೆ ಬಂದರೆ, ಅಲ್ಲಿಂದ ಓಡಿದರೂ ರೈಲು ಸಿಗುವುದು ಕಷ್ಟ. ಆ ಟರ್ಮಿನಲ್ಲಿನ ಬಾಗಿಲಿಗೆ ಮೆಟ್ರೋ ಇಲ್ಲ. ಬೈಯಪ್ಪನಹಳ್ಳಿ ಮೆಟ್ರೋದಲ್ಲಿ ಇಳಿದು ಮತ್ತೆ ಬಸ್ಸೋ ಆಟೋನೋ ಹಿಡಿಯಬೇಕು.

ಮೆಜೆಸ್ಟಿಕ್‌ವರೆಗೂ ಬರಲೇಬೇಕಾ?

ತುಮಕೂರು, ಅರಸೀಕೆರೆ, ಶಿವಮೊಗ್ಗ, ಹುಬ್ಬಳ್ಳಿ ಕಡೆಯಿಂದ ಬರುವವರಿಗೆ ಒಂದು ಗುಟ್ಟು. ನಿಮ್ಮ ರೈಲು ಯಶವಂತಪುರದಲ್ಲಿ ನಿಲ್ಲುತ್ತದಾ ನೋಡಿ. ನಿಂತರೆ ಅಲ್ಲೇ ಇಳಿಯಿರಿ. ಯಶವಂತಪುರ ಬಿಟ್ಟ ಮೇಲೆ ರೈಲು ಸಿಟಿ ಸ್ಟೇಷನ್ ಮುಟ್ಟಲು ಎಷ್ಟು ಹೊತ್ತು ಬೇಕು ಅನ್ನುವುದು ಅವತ್ತಿನ ನಿಮ್ಮ ಅದೃಷ್ಟ. ಪ್ಲಾಟ್‌ಫಾರಂ ಖಾಲಿ ಇಲ್ಲ ಅಂದರೆ ಔಟರ್‌ನಲ್ಲಿ ನಿಲ್ಲಿಸುತ್ತಾರೆ. ಬೋಗಿಯಲ್ಲಿ ಎಲ್ಲರೂ ಬ್ಯಾಗು ಹೆಗಲಿಗೆ ಹಾಕಿಕೊಂಡು ಬಾಗಿಲ ಹತ್ತಿರ ನಿಂತಿರುತ್ತಾರೆ, ರೈಲು ಮಾತ್ರ ಅಲ್ಲಾಡುವುದಿಲ್ಲ. ನಮ್ಮ ಬೋಗಿಯಲ್ಲಿ ಒಬ್ಬರು ಈ ಹೊತ್ತಿನಲ್ಲೇ ಪೇಪರಿನ ಪದಬಂಧ ಮುಗಿಸುತ್ತಾರೆ.

ಯಶವಂತಪುರದಲ್ಲಿ ತುಮಕೂರು ರಸ್ತೆ ಕಡೆ ಹೊರಗೆ ಬಂದರೆ ಹಸಿರು ಮಾರ್ಗದ ಮೆಟ್ರೋ. ಅಲ್ಲಿಂದ ಏಳನೇ ನಿಲ್ದಾಣ ಮೆಜೆಸ್ಟಿಕ್, ಎಂಟನೆಯದು ಚಿಕ್ಕಪೇಟೆ, ಒಂಬತ್ತನೆಯದು ಕೆ.ಆರ್. ಮಾರ್ಕೆಟ್. ವಿಕ್ಟೋರಿಯಾ, ವಾಣಿವಿಲಾಸ, ಮಿಂಟೋ ಆಸ್ಪತ್ರೆಗೆ ಹೋಗುವವರು ಮಾರ್ಕೆಟ್‌ನಲ್ಲಿ ಇಳಿದರಾಯಿತು. ಜಯನಗರ, ಬನಶಂಕರಿಯೂ ಇದೇ ಮಾರ್ಗ. ಇವರು ಯಾರೂ ಮೆಜೆಸ್ಟಿಕ್ ಗದ್ದಲಕ್ಕೆ ಕಾಲಿಡಬೇಕಾಗಿಲ್ಲ.

ರೈಲಿನಿಂದ ಇಳಿದ ಮೇಲೆ

ಸಿಟಿ ಸ್ಟೇಷನ್ನಿಗೇ ಬಂದಿರಿ ಅಂತ ಇಟ್ಟುಕೊಳ್ಳಿ. ಇಳಿದ ಕೂಡಲೇ ಜನರ ಹಿಂದೆ ಹೋಗಬೇಡಿ. ಒಂದು ಕಂಬದ ಪಕ್ಕ ನಿಂತುಕೊಂಡು ಪ್ಲಾಟ್‌ಫಾರಂ ಸಂಖ್ಯೆ ನೋಡಿ. ಒಟ್ಟು ಹತ್ತು ಪ್ಲಾಟ್‌ಫಾರಂ. ಒಂದನೆಯದು ಮುಂಬಾಗಿಲ ಕಡೆ, ಬಸ್ ನಿಲ್ದಾಣಗಳ ಎದುರು. ಹತ್ತನೆಯದು ಹಿಂಬಾಗಿಲ ಕಡೆ. ಹಿಂಬಾಗಿಲ ಹತ್ತಿರವೇ ರಾಯಣ್ಣನ ಹೆಸರಿನ ಮೆಟ್ರೋ ನಿಲ್ದಾಣ. ಅಲ್ಲಿಗೆ ಹೋಗಲು ಪಾದಚಾರಿ ಮೇಲ್ಸೇತುವೆ ಇದೆ.

ಬಸ್ ಬೇಕಾದವರು ಮುಂಬಾಗಿಲಿಗೆ ಹೋಗಿ. ಮೆಟ್ರೋ ಬೇಕಾದವರು, ಅದರಲ್ಲೂ ಆರಕ್ಕಿಂತ ಆಚೆಯ ಪ್ಲಾಟ್‌ಫಾರಂನಲ್ಲಿ ಇಳಿದವರು, ಹಿಂಬಾಗಿಲಿಗೆ ಹೋಗಿ. ಒಂದು ವಿಷಯ ನೆನಪಿರಲಿ. ಹಿಂಬದಿಯ ಆ ಮೆಟ್ರೋದಲ್ಲಿ ನೇರಳೆ ಮಾರ್ಗ ಮಾತ್ರ. ಹಸಿರು ಬೇಕಾದರೆ ಅಲ್ಲಿ ಹತ್ತಿ, ಒಂದೇ ನಿಲ್ದಾಣ, ಮೆಜೆಸ್ಟಿಕ್‌ನಲ್ಲಿ ಬದಲಿಸಬೇಕು.

ಒಂದು ನಿಲ್ದಾಣಕ್ಕೆ ಮೆಟ್ರೋ ಯಾಕೆ, ಮುಂಬಾಗಿಲಿನಿಂದ ಸಬ್‌ವೇಯಲ್ಲಿ ನಡೆದರೆ ಆಗಲ್ವಾ ಅಂತ ಕೇಳುತ್ತೀರಿ. ನಾನೂ ಹಾಗೇ ಅಂದುಕೊಂಡಿದ್ದೆ. ಅತ್ತೆಯ ಕಣ್ಣು ತೋರಿಸಲು ಮಿಂಟೋಗೆ ಕರೆದುಕೊಂಡು ಹೋದ ದಿನ ಬುದ್ಧಿ ಬಂತು.

ಸಬ್‌ವೇ ಅಂದರೆ ಸ್ಟೇಷನ್ನಿನ ಮುಂದೆ ರಸ್ತೆಯಡಿ ಹಾದು ಬಸ್ ಸ್ಟ್ಯಾಂಡ್ ಕಡೆ ಏಳುವ ಹಳೇ ದಾರಿ. ಎರಡು ಬದಿಯಲ್ಲೂ ನೆಲದ ಮೇಲೆ ಅಂಗಡಿ. ಮೊಬೈಲ್ ಕವರು, ಬೆಲ್ಟು, ಕಾಲುಚೀಲ, ಬಾಚಣಿಗೆ, ಪ್ಲಾಸ್ಟಿಕ್ ಆಟದ ಸಾಮಾನು. ಅತ್ತೆಗೆ ಕಣ್ಣು ಮಂಜಾಗಿತ್ತು ಅಂತಲೇ ನಾವು ಹೊರಟದ್ದು. ಆದರೆ ಹೇರ್‌ಪಿನ್ನಿನ ಕಾರ್ಡು ಮಾತ್ರ ಅವರಿಗೆ ಹತ್ತು ಅಡಿ ದೂರದಿಂದಲೇ ಕಂಡಿತು. ಕೂತು ಚೌಕಾಸಿ ಶುರು ಮಾಡಿದರು. ಹಿಂದಿನಿಂದ ರೈಲಿನ ಜನ ನುಗ್ಗುತ್ತಿದ್ದಾರೆ. ನಾನು ಬ್ಯಾಗು ಅಡ್ಡ ಹಿಡಿದುಕೊಂಡು ಪೊಲೀಸರ ಹಾಗೆ ನಿಂತಿದ್ದೇನೆ. ಹತ್ತು ರೂಪಾಯಿ ಉಳಿಸಿ ಎದ್ದರು. ಅವಸರದಲ್ಲಿ ನಾನು ಬೇರೆ ಮೆಟ್ಟಿಲು ಹತ್ತಿಸಿಬಿಟ್ಟೆ. ಮೇಲೆ ಬಂದರೆ ಮೆಟ್ರೋ ಎಲ್ಲೋ, ನಾವೆಲ್ಲೋ. ಮತ್ತೆ ಇಳಿಸಿದೆ, ಮತ್ತೆ ಹತ್ತಿಸಿದೆ. ಮಂಡಿ ಹಿಡಿದುಕೊಂಡು ಅತ್ತೆ ಹೇಳಿದ್ದು ಇಷ್ಟೇ: "ಕಣ್ಣು ಯಾರಿಗೆ ತೋರಿಸಬೇಕು ಅಂತ ಗೊತ್ತಾಯ್ತು ಬಿಡಿ."

ಅವತ್ತಿನಿಂದ ವಯಸ್ಸಾದವರು, ಸೂಟ್‌ಕೇಸಿನವರು, ಮಗು ಎತ್ತಿಕೊಂಡವರು ಬಂದರೆ ಹಿಂಬಾಗಿಲೇ ಅಂತ ಹೇಳುತ್ತೇನೆ. ಮೆಟ್ರೋ ಒಳಗೆ ಹೋದ ಮೇಲೆ ಲಿಫ್ಟು, ಎಸ್ಕಲೇಟರು ಸಿಗುತ್ತವೆ.

ಮೆಟ್ರೋ ಒಳಗೆ

ಮೆಜೆಸ್ಟಿಕ್‌ನಲ್ಲಿ ನೇರಳೆ ಮತ್ತು ಹಸಿರು ಮಾರ್ಗ ನೆಲದಡಿ ಬೇರೆ ಬೇರೆ ಅಂತಸ್ತಿನಲ್ಲಿ ಒಂದನ್ನೊಂದು ದಾಟುತ್ತವೆ. ನೇರಳೆ ಪೂರ್ವ-ಪಶ್ಚಿಮ: ಒಂದು ತುದಿ ವೈಟ್‌ಫೀಲ್ಡ್ ಕಾಡುಗೋಡಿ, ಇನ್ನೊಂದು ತುದಿ ಚಲ್ಲಘಟ್ಟ. ಹಸಿರು ಉತ್ತರ-ದಕ್ಷಿಣ: ಒಂದು ತುದಿ ಮಾದಾವರ, ಇನ್ನೊಂದು ರೇಷ್ಮೆ ಸಂಸ್ಥೆ. ಬೋರ್ಡಿನಲ್ಲಿ ನಿಮ್ಮ ನಿಲ್ದಾಣದ ಹೆಸರು ಹುಡುಕುತ್ತಾ ನಿಲ್ಲಬೇಡಿ. ತುದಿಯ ಹೆಸರು ನೋಡಿ. ವಿಧಾನಸೌಧ, ಎಂ.ಜಿ. ರಸ್ತೆ, ಇಂದಿರಾನಗರಕ್ಕೆ ವೈಟ್‌ಫೀಲ್ಡ್ ಕಡೆಯದು. ವಿಜಯನಗರ, ಕೆಂಗೇರಿಗೆ ಚಲ್ಲಘಟ್ಟ ಕಡೆಯದು.

ಮಾರ್ಗ ಬದಲಿಸುವಾಗ ಹೊರಗೆ ಬರಬೇಡಿ. ಇದನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕಿತ್ತು. ನಮ್ಮ ಮಾವ ನೇರಳೆಯಿಂದ ಇಳಿದವರು, ಗೇಟು ಕಂಡದ್ದೇ ಟೋಕನ್ ಹಾಕಿ ಹೊರಗೆ ಬಂದುಬಿಟ್ಟರು. ಗೇಟು ಟೋಕನ್ ನುಂಗಿತು. ಮತ್ತೆ ದುಡ್ಡು ಕೊಟ್ಟು ಹೊಸ ಟೋಕನ್ ತಗೊಂಡು ಒಳಗೆ ಹೋದರು. ನೆಲದ ಮೇಲೆ, ಗೋಡೆಯ ಮೇಲೆ ಬಣ್ಣದ ಗುರುತು ಇರುತ್ತದೆ. ಹಸಿರು ಬೇಕಾದರೆ ಹಸಿರು ಹಿಡಿದುಕೊಂಡು ಹೋಗುತ್ತಾ ಇರಿ, ಅಷ್ಟೇ.

ಜಯದೇವ ಆಸ್ಪತ್ರೆಗೆ ಹೋಗುವವರಿಗೆ ಈಗ ತುಂಬಾ ಅನುಕೂಲ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾಯಿತು. ಮೆಜೆಸ್ಟಿಕ್‌ನಿಂದ ಹಸಿರು ಮಾರ್ಗದಲ್ಲಿ ಆರ್.ವಿ. ರಸ್ತೆವರೆಗೆ ಹೋಗಿ, ಅಲ್ಲಿ ಹಳದಿಗೆ ಬದಲಿಸಿ, ಎರಡನೇ ನಿಲ್ದಾಣ. ಹೆಸರೇ ಜಯದೇವ ಆಸ್ಪತ್ರೆ. ಮೊದಲೆಲ್ಲ ಇದೇ ಜಾಗಕ್ಕೆ ಆಟೋದಲ್ಲಿ ಹೋಗಿ ಸಿಗ್ನಲ್ಲಿನಲ್ಲಿ ಕೂತು ಎದೆನೋವು ಜಾಸ್ತಿ ಮಾಡಿಕೊಂಡವರು ಎಷ್ಟೋ ಜನ.

ಟೋಕನ್ ಸಾಲು ಬೆಳಿಗ್ಗೆ ಉದ್ದ ಇರುತ್ತದೆ. ತಿಂಗಳಿಗೆ ಎರಡು ಸಲ ಬಂದರೂ ಸ್ಮಾರ್ಟ್ ಕಾರ್ಡ್ ಮಾಡಿಸಿಟ್ಟುಕೊಳ್ಳಿ, ಇಲ್ಲವೇ ವಾಟ್ಸ್ಆ್ಯಪ್‌ನಲ್ಲೇ ಕ್ಯೂಆರ್ ಟಿಕೆಟ್ ತಗೊಳ್ಳಿ. ರೈಲಿನಲ್ಲಿ ಕೂತಿರುವಾಗಲೇ ಅದನ್ನು ಮುಗಿಸಿಕೊಂಡರೆ ಒಳ್ಳೆಯದು. ನೆಲದಡಿ ಹೋದ ಮೇಲೆ ನೆಟ್‌ವರ್ಕ್ ನಂಬಿಕೊಂಡು ನಿಲ್ಲಬಾರದು.

ಲಗೇಜು: ಮೆಟ್ರೋದಲ್ಲಿ ಬ್ಯಾಗಿಗೆ ಅಳತೆ ಇದೆ. 60 ಸೆಂಟಿಮೀಟರ್ ಉದ್ದ, 45 ಅಗಲ, 25 ಎತ್ತರ, ತೂಕ 15 ಕಿಲೋ. ಅದಕ್ಕಿಂತ ದೊಡ್ಡದಿದ್ದರೆ ಬೇರೆ ಟಿಕೆಟ್ ಕೇಳುತ್ತಾರೆ. ಊರಿಂದ ತೆಂಗಿನಕಾಯಿ ಚೀಲ ಹೊತ್ತು ತರುವವರು ಇದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ. ಸ್ಕ್ಯಾನರ್ ಮುಂದೆ ನಿಂತು "ಕಾಯಿ ಸಾರ್, ಬರೀ ಕಾಯಿ" ಅಂದರೆ ಅಳತೆ ಕಡಿಮೆ ಆಗುವುದಿಲ್ಲ. ನಾನು ಅಂದು ನೋಡಿದ್ದೇನೆ.

ಬೇಗ ಬರುವವರಿಗೆ ಇನ್ನೊಂದು ಮಾತು. ವಾರದ ದಿನಗಳಲ್ಲಿ ಮೊದಲ ಮೆಟ್ರೋ ಐದಕ್ಕೆ. ಸೋಮವಾರ ಮಾತ್ರ, 2025ರ ಜನವರಿಯಿಂದ, ತುದಿ ನಿಲ್ದಾಣಗಳಿಂದ ನಾಲ್ಕೂಕಾಲಿಗೇ ಬಿಡುತ್ತಾರೆ. ಶನಿವಾರ ಊರಿಗೆ ಹೋಗಿ ವಾಪಸ್ ಬರುವವರ ದೆಸೆಯಿಂದ. ಭಾನುವಾರ ಏಳರ ತನಕ ಮೆಟ್ರೋ ಇಲ್ಲ. ಭಾನುವಾರ ಬೆಳಗಿನ ಜಾವ ಇಳಿದರೆ ಬಸ್ಸು, ಇಲ್ಲವೇ ಸ್ಟೇಷನ್ ಮುಂದಿನ ಪ್ರೀಪೇಯ್ಡ್ ಆಟೋ. ಮೀಟರ್ ದರ ನೆನಪಿಟ್ಟುಕೊಳ್ಳಿ: 2025ರ ಆಗಸ್ಟ್‌ನಿಂದ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ರಾತ್ರಿ ಹತ್ತರಿಂದ ಬೆಳಿಗ್ಗೆ ಐದರವರೆಗೆ ಒಂದೂವರೆ ಪಟ್ಟು. ಮೀಟರ್ ಹಾಕಿಸುವುದು ನಿಮ್ಮ ಸಾಮರ್ಥ್ಯ.

ಬಸ್ಸಿಗೆ

ಬಸ್ ನಿಲ್ದಾಣ ಇರುವ ಜಾಗ ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆ. ಪಕ್ಕದ ಟ್ಯಾಂಕ್ ಬಂಡ್ ರಸ್ತೆ ಅಂದರೆ ಕೆರೆ ಏರಿಯೇ. ಜೋರು ಮಳೆ ಬಂದ ದಿನ ನೀರು ತನ್ನ ಹಳೇ ಮನೆ ನೆನಪು ಮಾಡಿಕೊಳ್ಳುತ್ತದೆ. ಅವತ್ತು ಚಪ್ಪಲಿಯೇ ಮೇಲು, ಶೂ ಬೇಡ.

ಬಿಎಂಟಿಸಿ ಸ್ಟ್ಯಾಂಡಿನಲ್ಲಿ ಪ್ಲಾಟ್‌ಫಾರಂಗಳಿಗೆ ಸಂಖ್ಯೆ ಇದೆ. ಒಂದೊಂದು ದಿಕ್ಕಿಗೆ ಒಂದೊಂದು. ಬಸ್ಸಿನ ಹಿಂದೆ ಓಡಬೇಡಿ, ಪ್ಲಾಟ್‌ಫಾರಂ ಕೇಳಿ. "ಕಾಡುಗೋಡಿ ಬಸ್ ಎಲ್ಲಿ?" ಅಂದರೆ ಕೈ ತೋರಿಸುತ್ತಾರೆ, ಆ ಕೈ ಎಲ್ಲಿಗಾದರೂ ಆಗಬಹುದು. "ಕಾಡುಗೋಡಿ 335-ಇ ಎಷ್ಟನೇ ಪ್ಲಾಟ್‌ಫಾರಂ?" ಅಂತ ಕೇಳಿದರೆ ಸಂಖ್ಯೆಯೇ ಉತ್ತರವಾಗಿ ಬರುತ್ತದೆ. ಮಕ್ಕಳನ್ನು ಬನ್ನೇರುಘಟ್ಟಕ್ಕೆ ಕರೆದುಕೊಂಡು ಹೋಗುವವರಿಗೆ 365. ವಿಮಾನ ನಿಲ್ದಾಣಕ್ಕೆ ಕೆಐಎ-9. ಸಂಖ್ಯೆಯ ಬಾಲದ ಅಕ್ಷರವನ್ನೂ ಓದಿ. ಸಂಖ್ಯೆ ಒಂದೇ ಇದ್ದು ಅಕ್ಷರ ಬೇರೆಯಾದರೆ ದಾರಿಯೂ ಬೇರೆ.

ಹೆಂಗಸರಿಗೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸು ಉಚಿತ. 2023ರ ಜೂನ್‌ನಿಂದ ಇದೆ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಕೈಯಲ್ಲಿರಲಿ. ದುಡ್ಡಿಲ್ಲ ಅಂತ ಟಿಕೆಟ್ ಬೇಡ ಅನ್ನಬೇಡಿ, ಶೂನ್ಯ ದರದ ಟಿಕೆಟ್ ತಗೊಳ್ಳಲೇಬೇಕು. ಎಸಿ ಬಸ್ಸಿಗೂ ವಿಮಾನ ನಿಲ್ದಾಣದ ಬಸ್ಸಿಗೂ ಇದು ನಡೆಯುವುದಿಲ್ಲ. ಮೆಟ್ರೋದಲ್ಲೂ ಇಲ್ಲ. ನಮ್ಮ ದೊಡ್ಡಮ್ಮ ಮೆಟ್ರೋ ಕೌಂಟರಿನಲ್ಲಿ ಆಧಾರ್ ಕಾರ್ಡು ಚಾಚಿ ನಿಂತಿದ್ದರು.

ದುಡ್ಡು ಕೊಡುವವರು ಚಿಲ್ಲರೆ ಇಟ್ಟುಕೊಳ್ಳಿ, ಇಲ್ಲವೇ ಫೋನಿನಲ್ಲೇ ಕೊಡಿ. ನೂರು, ಇನ್ನೂರರ ನೋಟು ಕೊಟ್ಟರೆ ಕಂಡಕ್ಟರು ಟಿಕೆಟ್ಟಿನ ಹಿಂದೆ ಬಾಕಿ ಬರೆದು ಕೊಡುತ್ತಾರೆ. ಇಳಿಯುವಾಗ ಕೇಳಿ ತಗೊಳ್ಳಬೇಕು. ಲೆಕ್ಕ ಬರೆಯುವುದೇ ನನ್ನ ಕೆಲಸ, ಆದರೂ ಈ ಬಾಕಿ ಮರೆತು ಇಳಿದದ್ದು ಮೂರು ಸಲ. ಆಮೇಲೆ ಆ ಟಿಕೆಟ್ಟನ್ನು ಜೇಬಿಗೆ ಹಾಕುವುದು ಬಿಟ್ಟು ಬೆರಳ ಉಂಗುರಕ್ಕೆ ಸಿಕ್ಕಿಸಿಕೊಳ್ಳುತ್ತೇನೆ. ಇದು ಕೆಲಸ ಮಾಡುತ್ತದೆ.

ಪರವೂರಿಗೆ ಹೋಗುವವರು ಕೆಎಸ್‌ಆರ್‌ಟಿಸಿ ಟಿಕೆಟ್ಟಿನಲ್ಲಿ ಟರ್ಮಿನಲ್ ಸಂಖ್ಯೆ ಓದಿ. ಮೆಜೆಸ್ಟಿಕ್‌ನಲ್ಲೇ ಒಂದಕ್ಕಿಂತ ಹೆಚ್ಚು ಟರ್ಮಿನಲ್ ಇವೆ. ಮೈಸೂರು, ಮಡಿಕೇರಿ ಕಡೆಯವರು ಇನ್ನೂ ಎಚ್ಚರ. ಆ ಬಸ್ಸುಗಳು ಹೊರಡುವುದು ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಿಂದ. ಮೆಜೆಸ್ಟಿಕ್‌ನಿಂದ ನೇರಳೆ ಮೆಟ್ರೋ ಹಿಡಿದು ದೀಪಾಂಜಲಿನಗರದಲ್ಲಿ ಇಳಿದರೆ ಅಲ್ಲಿಗೆ ಹತ್ತಿರ.

ವಾಪಸ್ ಹೋಗುವಾಗ

ಸಂಜೆ ಎಲ್ಲವೂ ನಿಧಾನ. ಮೆಟ್ರೋದಿಂದ ಇಳಿದು ರೈಲಿನ ಪ್ಲಾಟ್‌ಫಾರಂ ಮುಟ್ಟಲು ನನಗೆ ಅಭ್ಯಾಸವಾದ ಕಾಲಿನಲ್ಲೇ ಕಾಲು ಗಂಟೆ ಬೇಕು. ಹೊಸಬರು ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಜನರಲ್ ಟಿಕೆಟ್ಟನ್ನು ಫೋನಿನ ಆ್ಯಪ್‌ನಲ್ಲೇ ತಗೊಂಡರೆ ಕೌಂಟರಿನ ಸಾಲು ಉಳಿಯುತ್ತದೆ. ಮೆಟ್ರೋದಲ್ಲಿ ಹೋಗುವಾಗಲೇ ಪ್ಲಾಟ್‌ಫಾರಂ ಸಂಖ್ಯೆ ನೋಡಿಕೊಳ್ಳಿ. ಏಳು, ಎಂಟು, ಒಂಬತ್ತು, ಹತ್ತು ಅಂತಿದ್ದರೆ ಮೆಜೆಸ್ಟಿಕ್‌ನಲ್ಲಿ ಹೊರಗೆ ಬರಬೇಡಿ. ನೇರಳೆಯಲ್ಲಿ ಇನ್ನೊಂದು ನಿಲ್ದಾಣ ಮುಂದೆ ಹೋಗಿ ಹಿಂಬಾಗಿಲಿನಿಂದ ಬನ್ನಿ.

ಇನ್ನು ಯಾರನ್ನಾದರೂ ಕಾಯಬೇಕಾದರೆ "ಮೆಜೆಸ್ಟಿಕ್‌ನಲ್ಲಿ ಸಿಗೋಣ" ಅನ್ನಲೇಬೇಡಿ. ಮೆಟ್ರೋ ಗೇಟಿನ ಅಕ್ಷರ ಹೇಳಿ, ಇಲ್ಲವೇ ಬಸ್ ಪ್ಲಾಟ್‌ಫಾರಂ ಸಂಖ್ಯೆ ಹೇಳಿ. ನಮ್ಮ ಜಿಲ್ಲೆಯವರಿಗೆ ನಾನು ಹೇಳುವ ಜಾಗ ಮಾತ್ರ ಒಂದೇ. ಸ್ಟೇಷನ್ ಎದುರಿಗೆ ಗುಬ್ಬಿ ತೋಟದಪ್ಪನವರ ಛತ್ರ ಇದೆ. 1903ರದ್ದು. ಊರಿಂದ ಬಂದವರಿಗೆ ಒಂದು ನೆಲೆ ಇರಲಿ ಅಂತಲೇ ನಮ್ಮ ಗುಬ್ಬಿಯ ಮನುಷ್ಯ ಕಟ್ಟಿಸಿದ್ದು. ಮುಂದಿನ ರಸ್ತೆಗೂ ಅವರದೇ ಹೆಸರು. ಯಾರನ್ನು ಕೇಳಿದರೂ ತೋರಿಸುತ್ತಾರೆ, ಅದು ಜಾಗ ಬಿಟ್ಟು ಕದಲುವುದೂ ಇಲ್ಲ.

ಭಾಮೈದ ಹೋದ ವಾರ ಮತ್ತೆ ಬಂದಿದ್ದ. ಫೋನು ಮಾಡಿದ.

"ಭಾವ, ಛತ್ರದ ಗೇಟಲ್ಲಿದ್ದೀನಿ. ಎದುರಿಗೆ ಬಸ್ಸು ಕಾಣ್ತಿದೆ."